ಜ್ವಾಲಾಮುಖಿಯ ಒಗ್ಗರಣೆ

ಮೋಸ ಹೋದದ್ದನ್ನು ಹೇಳಿಕೊಳ್ಳಲು ನನಗೇನೂ ನಾಚಿಕೆಯಿಲ್ಲ. ನಾಚಿಕೆ ಅನ್ನುವುದು ಇದ್ದರೆ ಮೋಸ ಮಾಡಿದವರಿಗೆ ಇರಲಿ. ಆದರೂ ಇಷ್ಟು ವರ್ಷ ನಾನು ಬಾಯಿ ಬಿಟ್ಟಿಲ್ಲ. ಯಾಕೆಂದರೆ ಕೊನೆಗೆ ನಾನೂ ಒಂದು ಸುಳ್ಳು ಹೇಳಿದ್ದೇನೆ. ಅದನ್ನು ಮುಚ್ಚಿಟ್ಟು ಅವಳ ಬಣ್ಣ ಮಾತ್ರ ಬಯಲು ಮಾಡಿದರೆ ಅವಳಿಗೂ ನನಗೂ ಏನು ವ್ಯತ್ಯಾಸ?

ನಾನು ಮೈಸೂರಿನವಳು, ಓದಿದ್ದು ಭೂವಿಜ್ಞಾನ. ಐಸ್‌ಲ್ಯಾಂಡಿನ ಜ್ವಾಲಾಮುಖಿ ಬೂದಿ ಉಗುಳಿ ಯುರೋಪಿನ ವಿಮಾನಗಳನ್ನೆಲ್ಲ ನೆಲದ ಮೇಲೆ ಕೂರಿಸಿದ್ದು 2010ರಲ್ಲಿ. ಅದಾಗಿ ಮೂರು ವರ್ಷಕ್ಕೆ ನಾನು ಪಿಎಚ್‌ಡಿ ಮಾಡಲು ಲೀಡ್ಸ್‌ಗೆ ಬಂದೆ. ಜ್ವಾಲಾಮುಖಿ ಸಿಡಿಯುವ ಮುಂಚೆ ಕೊಡುವ ಸೂಚನೆಗಳು ನನ್ನ ವಿಷಯ. ಹೊರಡುವ ದಿನ ನಮ್ಮ ಸೋದರತ್ತೆ, ಲೀಡ್ಸ್‌ನಲ್ಲಿ ಜ್ವಾಲಾಮುಖಿ ಎಲ್ಲಿದೆ ಎಂದು ಕೇಳಿದರು. ಅಲ್ಲಿ ಇಲ್ಲ ಎಂದೆ. ಹಾಗಾದರೆ ಅಲ್ಲಿಗೇನು ಮಣ್ಣು ಹೊರೋಕೆ ಹೋಗ್ತಿದೀಯ ಎಂದರು. ಜ್ವಾಲಾಮುಖಿ ಇರುವುದು ಮಧ್ಯ ಅಮೆರಿಕದಲ್ಲಿ, ಅದರ ಸುತ್ತ ಹೂತಿಟ್ಟ ಭೂಕಂಪಮಾಪಕಗಳ ದಾಖಲೆ ಇರುವುದು ಲೀಡ್ಸ್‌ನ ಕಂಪ್ಯೂಟರಿನಲ್ಲಿ, ನಾನು ಮಳೆಯಲ್ಲಿ ನೆನೆಯದೆ ಕುರ್ಚಿಯಲ್ಲಿ ಕೂತೇ ಅದನ್ನು ಓದಬಹುದು ಎಂದು ವಿವರಿಸಿದೆ. ಅವರಿಗೆ ಅದೇನೂ ಘನವಾದ ಕೆಲಸ ಅನ್ನಿಸಲಿಲ್ಲ.

ಮಳೆಯಲ್ಲಿ ನೆನೆಯದೆ ಎಂದದ್ದು ಮಾತ್ರ ತಪ್ಪಾಯಿತು. ಮೊದಲ ದಿನ ಲೀಡ್ಸ್ ಸ್ಟೇಷನ್ನಿನಲ್ಲಿ ಇಳಿದಾಗ ಸುರಿಯುತ್ತಿತ್ತು. ನನ್ನನ್ನು ಕರೆದುಕೊಂಡು ಹೋಗಲು ಒಬ್ಬಳು ಬಂದಿದ್ದಳು, ಕೈಯಲ್ಲಿ ತನ್ನದೇ ಒಂದು ಹಳೆಯ ಕೋಟು. ಪಿಎಚ್‌ಡಿ ಮುಗಿಸಿ ನಮ್ಮ ವಿಭಾಗದಲ್ಲೇ ಪೋಸ್ಟ್‌ಡಾಕ್ ಆಗಿದ್ದವಳು, ಧಾರವಾಡದವಳು, ನನಗಿಂತ ಏಳು ವರ್ಷಕ್ಕೆ ದೊಡ್ಡವಳು. ಇಮೇಲ್‌ನಲ್ಲಿ ನಾನು ಮೇಡಂ ಎಂದು ಬರೆದಿದ್ದೆ. ಕೋಟು ನನ್ನ ಹೆಗಲಿಗೆ ಹಾಕಿ, ಮೇಡಂ ಗೀಡಂ ಎಲ್ಲ ಆಫೀಸಿನಲ್ಲಿ ಇಟ್ಟುಕೋ, ಅಕ್ಕ ಅನ್ನು ಸಾಕು ಎಂದಳು. ಅವತ್ತಿನಿಂದ ಅವಳು ಅಕ್ಕ.

ಅಕ್ಕ ಎಂದರೆ ಬರೀ ಬಾಯಿಮಾತಿಗೆ ಅಲ್ಲ. ಇಲ್ಲಿ ಜಿಪಿ ಎನ್ನುವ ಡಾಕ್ಟರ ಹತ್ತಿರ ಹೆಸರು ಬರೆಸಿದ್ದು ಅವಳು, ಲೀಡ್ಸ್‌ನದೇ ಹೈಡ್ ಪಾರ್ಕ್ ಕಡೆ ಮನೆ ಹುಡುಕಿಕೊಟ್ಟಿದ್ದು ಅವಳು, ಕರಿಬೇವು ಯಾವ ಅಂಗಡಿಗೆ ಯಾವ ದಿನ ಬರುತ್ತದೆ ಎಂದು ಹೇಳಿಕೊಟ್ಟಿದ್ದು ಅವಳು. ಮೊದಲ ಚಳಿಗಾಲ ಜ್ವರ ಬಂದು ಮಲಗಿದಾಗ ಮೂರು ದಿನ ಗಂಜಿ ತಂದುಕೊಟ್ಟಳು. ಬೇರೆ ಕನ್ನಡದವರ ಜೊತೆ ಇದ್ದಾಗ ಬೆಂಗಳೂರಿನ ಕಡೆಯ ಕನ್ನಡ ಆಡುತ್ತಿದ್ದಳು, ನಾವಿಬ್ಬರೇ ಇದ್ದಾಗ ಧಾರವಾಡದ್ದು. ನನ್ನ ‘ಕಣೇ’ಯನ್ನು ಮಾತ್ರ ಬಿಡದೆ ಆಡಿಕೊಳ್ಳುತ್ತಿದ್ದಳು. ನಿಮ್ಮ ಮೈಸೂರಿನವರದು ಮಾತು ಮುಗಿದ ಮೇಲೂ ಬಾಲ ಉಳಿದಿರುತ್ತದೆ ಎನ್ನುತ್ತಿದ್ದಳು. ನಾನು ನಗುತ್ತಿದ್ದೆ. ದೊಡ್ಡವರು ಆಡಿಕೊಂಡರೆ ನಗಬೇಕು, ಹಾಗೇ ಬೆಳೆದವಳು ನಾನು.

ಇನ್ನು ನನ್ನ ಕೆಲಸದ ಅವಸ್ಥೆ. ಮೊದಲ ವರ್ಷ ಪೂರ್ತಿ ನೀರಲ್ಲಿ ಹೋಮ ಮಾಡಿದೆ. ಜ್ವಾಲಾಮುಖಿ ಸಿಡಿಯುವ ಮುಂಚೆ ನೆಲ ಒಳಗಿನ ಒತ್ತಡಕ್ಕೆ ಸ್ವಲ್ಪ ಉಬ್ಬುತ್ತದೆ, ಉಪಗ್ರಹದ ಚಿತ್ರಗಳಲ್ಲಿ ಅದನ್ನು ಅಳೆಯಬಹುದು ಎಂದು ಹೊರಟಿದ್ದೆ. ಆ ಗುಡ್ಡದ ಮೈತುಂಬ ಕಾಡು, ಮೇಲೆ ಸದಾ ತೇವ, ಲೆಕ್ಕ ಒಂದು ಸಲ ಬಂದ ಹಾಗೆ ಇನ್ನೊಂದು ಸಲ ಬರಲಿಲ್ಲ. ಇಲ್ಲಿನ ಪದ್ಧತಿ ಹೇಗೆಂದರೆ, ಮೊದಲ ವರ್ಷ ಮುಗಿಯುವ ಸುಮಾರಿಗೆ ಟ್ರಾನ್ಸ್‌ಫರ್ ಎಂಬ ಪರೀಕ್ಷೆ ಇರುತ್ತದೆ. ಇದು ನನ್ನದೇ, ಬೇರೆ ಯಾರೂ ಮಾಡಿಲ್ಲ ಎಂದು ಎದೆ ತಟ್ಟಿ ಹೇಳುವಂಥ ಒಂದು ವಿಷಯ ತೋರಿಸಿದರೆ ಪಿಎಚ್‌ಡಿ ಮುಂದುವರಿಯುತ್ತದೆ, ಇಲ್ಲದಿದ್ದರೆ ಸಣ್ಣದೊಂದು ಪದವಿ ಕೈಗೆ ಕೊಟ್ಟು ಮನೆಗೆ ಕಳಿಸುತ್ತಾರೆ. ನನ್ನದನ್ನು, ನನ್ನ ಮತ್ತು ಅಕ್ಕನ ಇಬ್ಬರ ಕೆಲಸವನ್ನೂ ನೋಡಿಕೊಳ್ಳುತ್ತಿದ್ದ ಪ್ರೊಫೆಸರ್ ಒಮ್ಮೆ ಮುಂದೂಡಿಸಿದ್ದರು. ಬರುವ ಜೂನ್ ಕೊನೆಯ ಗಡುವು. ತೋರಿಸಲು ನನ್ನ ಹತ್ತಿರ ಏನೂ ಇರಲಿಲ್ಲ.

ಆಮೇಲೆ ಸಾಸಿವೆ ಸಿಡಿಯಿತು. ನಿಜಕ್ಕೂ ಸಾಸಿವೆಯೇ.

ನವೆಂಬರಿನ ಒಂದು ಭಾನುವಾರ ಬೆಳಗ್ಗೆ ಅಕ್ಕ ಊಟಕ್ಕೆ ಬರುವವಳಿದ್ದಳು. ನಾನು ಒಲೆಯ ಮುಂದೆ ನಿಂತು ಒಗ್ಗರಣೆಗೆ ಎಣ್ಣೆ ಇಟ್ಟಿದ್ದೆ. ವಾರವಿಡೀ ಹಳೆಯ ಭೂಕಂಪ ದಾಖಲೆಗಳನ್ನು ನೋಡಿ ನೋಡಿ ಕಣ್ಣಲ್ಲಿ ಅವೇ ಗೀರುಗಳು ಕುಣಿಯುತ್ತಿದ್ದವು. ಸಾಸಿವೆ ಮೊದಲು ಒಂದು ಸಿಡಿಯಿತು, ಆಮೇಲೆ ಎರಡು, ಆಮೇಲೆ ಚಟಪಟ ಚಟಪಟ ಒಂದೇ ಸಮನೆ, ಆಮೇಲೆ ಕಡಿಮೆಯಾಗಿ ನಿಂತುಹೋಯಿತು. ಎಣ್ಣೆ ಸುಮ್ಮನಾಯಿತು. ಸುಮ್ಮನಾಗಿದೆ ಎಂದು ಕೈ ಹತ್ತಿರ ಇಟ್ಟರೆ ಗೊತ್ತಾಗುತ್ತದೆ, ಎಣ್ಣೆ ಅತ್ಯಂತ ಕಾದಿರುವುದು ಆಗಲೇ. ತೊಳೆದ ಕರಿಬೇವನ್ನು ಹಾಕಿದೆ. ಚೊಂಯ್ ಎಂದು ಎದ್ದಿತು ನೋಡಿ, ಮುಖಕ್ಕೆ ಎಣ್ಣೆ, ಹೊಗೆ ಮೇಲೆ ಹೋಗಿ ಸ್ಮೋಕ್ ಅಲಾರ್ಮ್ ಕಿರುಚಿಕೊಂಡಿತು. ಟವೆಲ್ ಬೀಸುತ್ತಾ ಸ್ಟೂಲಿನ ಮೇಲೆ ನಿಂತಾಗ ನನಗೆ ತಲೆಯೊಳಗೆ ದೀಪ ಹತ್ತಿದ ಹಾಗಾಯಿತು. ಇದೇ ಗೀರು. ಆ ಗುಡ್ಡದ ಹಿಂದಿನ ಮೂರು ಸಿಡಿತಗಳ ಮುಂಚೆಯೂ ಇದೇ ಇತ್ತು. ಬಿಡಿಬಿಡಿಯಾಗಿ ಕಂಪನ, ಆಮೇಲೆ ಗುಂಪುಗುಂಪಾಗಿ, ಆಮೇಲೆ ಏನೂ ಇಲ್ಲ, ಆಮೇಲೆ ಡಮಾರ್.

ಬಾಗಿಲು ತೆರೆಯುತ್ತಿದ್ದಂತೆ ಅಕ್ಕನಿಗೆ ಹೇಳಿದೆ, ಅಕ್ಕಾ, ಅದು ಒಗ್ಗರಣೆ ಹಾಕ್ತಿದೆ ಎಂದು. ಅವಳ ಊರಿನ ಕಡೆ ಮಂಡಕ್ಕಿಯ ತಿಂಡಿಗೇ ಒಗ್ಗರಣಿ ಎನ್ನುತ್ತಾರೆ. ಅವಳು ಚಪ್ಪಲಿ ಬಿಡುತ್ತಾ, ಒಗ್ಗರಣಿ ಮಾಡೀಯೇನು, ಮಿರ್ಚಿ ಎಲ್ಲಿ ಎಂದು ಕೇಳಿದಳು. ಅಯ್ಯೋ ಅದಲ್ಲಕ್ಕಾ ಎಂದು ಅವಳನ್ನು ಕೂರಿಸಿ, ಊಟ ಆರಿಹೋಗುತ್ತಿದ್ದರೂ ಲ್ಯಾಪ್‌ಟಾಪ್ ತೆರೆದು ಗೀರು ತೋರಿಸಿದೆ. ಆ ಮಾತಿನ ಅರ್ಥ ಅವಳ ತಲೆಗೆ ಹೋಗಲು ಐದು ನಿಮಿಷ ಬೇಕಾಯಿತು. ಇದನ್ನು ಯಾಕೆ ಇಷ್ಟು ಬಿಡಿಸಿ ಹೇಳುತ್ತಿದ್ದೇನೆ ಎಂದರೆ, ಒಗ್ಗರಣೆ ಎಂಬ ಆ ಹೆಸರು ಅವಳ ಬಾಯಿಂದ ಹುಟ್ಟಿದ್ದಲ್ಲ ಎನ್ನುವುದಕ್ಕೆ ನನ್ನ ಹತ್ತಿರ ಇರುವ ಸಾಕ್ಷಿ ಆ ಮಿರ್ಚಿ ಒಂದೇ.

ಕಾರಣ ನನಗೆ ಹೊಳೆದದ್ದು ಹೀಗೆ. ಕರಗಿದ ಬಂಡೆಯೊಳಗೆ ಹಬೆ, ಅನಿಲ ಎಲ್ಲ ಕರಗಿರುತ್ತವೆ. ಮೇಲೆ ಬಂದ ಹಾಗೆ ಅದುಮಿ ಹಿಡಿದ ಭಾರ ಕಡಿಮೆಯಾಗಿ ಅನಿಲ ಬಿಟ್ಟುಕೊಳ್ಳುತ್ತದೆ, ಬಿರುಕುಗಳ ಮೂಲಕ ಹೊರಗೆ ನುಗ್ಗುತ್ತದೆ. ಆ ನುಗ್ಗಾಟವೇ ಸಣ್ಣ ಸಣ್ಣ ಕಂಪನ. ಅಷ್ಟರ ಮಟ್ಟಿಗೆ ಎಲ್ಲರಿಗೂ ಗೊತ್ತಿತ್ತು. ಕಂಪನ ಹೆಚ್ಚಾದರೆ ಅಪಾಯ, ನಿಂತರೆ ನಿರಾಳ ಎಂದು ಆ ಗುಡ್ಡದ ಬಗ್ಗೆ ಬರೆದವರೆಲ್ಲ ಬರೆದಿದ್ದರು. ಆದರೆ ಬಿರುಕು ಮುಚ್ಚಿಕೊಂಡರೂ ಕಂಪನ ನಿಲ್ಲುತ್ತದಲ್ಲ? ಕುಕ್ಕರಿನ ತೂತಿಗೆ ಬೇಳೆಯ ಸಿಪ್ಪೆ ಸಿಕ್ಕಿಕೊಂಡರೆ ವಿಶಲ್ ಬರುವುದಿಲ್ಲ, ಕೆಳಗೆ ಬೆಂಕಿ ಉರಿಯುತ್ತಲೇ ಇರುತ್ತದೆ. ವಿಶಲ್ ಇಲ್ಲ, ಎಲ್ಲ ಸರಿಯಾಗಿದೆ ಎಂದು ಯಾವ ಹೆಂಗಸೂ ಕುಕ್ಕರ್ ಹತ್ತಿರ ಹೋಗಿ ನಿಲ್ಲುವುದಿಲ್ಲ. ಆ ಗುಡ್ಡದ ಕೆಳಗಿನ ಜನ ಮಾತ್ರ ಸದ್ದು ನಿಂತಿತು ಎಂದು ನಂಬಿ ಹೊಲಗಳಿಗೆ ವಾಪಸು ಹೋಗುತ್ತಿದ್ದರು. ಬೂದಿ ಬಿದ್ದರೆ ಬೆಳೆ ಸುಡುತ್ತದೆ, ತಗಡಿನ ಸೂರು ಭಾರಕ್ಕೆ ಕುಸಿಯುತ್ತದೆ, ಮೇಲೆ ಮಳೆ ಬಿದ್ದರೆ ಬೂದಿಯೆಲ್ಲ ಕೆಸರಾಗಿ ಹಳ್ಳ ಹಿಡಿದು ಊರಿನ ಮೇಲೆ ಬರುತ್ತದೆ. ನನ್ನ ಮಾತು ನಿಜವಾದರೆ ಸುಮ್ಮನಾದ ದಿನವೇ ಊರು ಬಿಡಿಸಬೇಕು. ಆ ಭಾನುವಾರ ನನಗೆ ಊಟ ಸೇರಲಿಲ್ಲ, ಅಷ್ಟು ಖುಷಿ.

ಅಕ್ಕ ಖುಷಿ ಪಡಲಿಲ್ಲ. ಅನ್ನ ಕಲಸುತ್ತಾ, ಗೀರು ನಿಂತದ್ದು ಯಂತ್ರ ಕೆಟ್ಟದ್ದಕ್ಕೂ ಇರಬಹುದಲ್ಲ ಎಂದಳು. ನ್ಯಾಯವಾದ ಪ್ರಶ್ನೆ, ನಾನು ಇಲ್ಲ ಅನ್ನುವುದಿಲ್ಲ. ಆ ಪ್ರಶ್ನೆ ಅವಳದು, ಅದರ ಪಾಲು ಅವಳಿಗೆ ಇರಲಿ. ಉತ್ತರ ಹುಡುಕಿದ್ದು ಯಾರು? ಇಡೀ ಚಳಿಗಾಲ ನಾನು. ಭೂಕಂಪಮಾಪಕ ಚೆನ್ನಾಗಿದ್ದರೆ ಗುಡ್ಡ ಸುಮ್ಮನಿದ್ದಾಗಲೂ ಅದಕ್ಕೆ ದೂರದ ಸಮುದ್ರದ ಅಲೆ ಕೇಳುತ್ತಿರುತ್ತದೆ, ಸಣ್ಣ ಗುಯ್‌ಗುಟ್ಟುವಿಕೆ, ಎಂದೂ ನಿಲ್ಲದ್ದು. ಒಂದೊಂದು ದಿನದ, ಒಂದೊಂದು ಯಂತ್ರದ ದಾಖಲೆ ತೆಗೆದು, ಆ ಗುಯ್ ಇದೆಯೇ ಎಂದು ನೋಡಿದೆ. ಇತ್ತು. ಯಂತ್ರಕ್ಕೆ ಕಿವಿ ಇತ್ತು, ಬಾಯಿ ಮುಚ್ಚಿದ್ದು ಗುಡ್ಡ. ಸಿಕ್ಕಿದ ಫೈಲುಗಳಿಗೆಲ್ಲ ಒಗ್ಗರಣೆ ಒಂದು, ಒಗ್ಗರಣೆ ಎರಡು ಎಂದು ಹೆಸರಿಟ್ಟೆ. ಪ್ರೊಫೆಸರ್‌ಗೆ ಇನ್ನೂ ಏನೂ ಹೇಳಿರಲಿಲ್ಲ. ಒಂದು ವರ್ಷ ದಂಡ ಮಾಡಿದವಳು, ಈ ಸಲ ಪೂರ್ತಿ ಗಟ್ಟಿಮಾಡಿಕೊಂಡೇ ಬಾಯಿ ತೆರೆಯೋಣ ಎಂದುಕೊಂಡಿದ್ದೆ. ಅದು ನನ್ನ ದಡ್ಡತನ.

ಮಾರ್ಚಿನಲ್ಲಿ ಅಕ್ಕ, ಎಲ್ಲಾ ಒಂದು ಪೆನ್‌ಡ್ರೈವಿಗೆ ಹಾಕಿಕೊಡು, ಇಂಗ್ಲಿಷ್ ತಿದ್ದಿಕೊಡ್ತೀನಿ, ಚಿತ್ರಗಳನ್ನು ಒಂದು ಸಲ ನೋಡ್ತೀನಿ ಎಂದಳು. ಕೊಟ್ಟೆ. ಅಕ್ಕನಿಗೆ ಕೊಡುವಾಗ ಯಾರಾದರೂ ರಸೀದಿ ಕೇಳುತ್ತಾರೆಯೇ? ಕೊಟ್ಟು, ಮೇಲೆ ಒಂದು ಡಬ್ಬ ಚಿತ್ರಾನ್ನವನ್ನೂ ಕೊಟ್ಟೆ. ಎರಡು ವಾರ ಕಳೆದು, ಮೂರು ವಾರ ಕಳೆದು, ಏನಾಯ್ತಕ್ಕಾ ಎಂದರೆ ಕೆಲಸ ಜಾಸ್ತಿ ಎನ್ನುತ್ತಿದ್ದಳು. ಭಾನುವಾರ ಬರುವುದು ಬಿಟ್ಟಳು. ಅವಳ ಕಾಂಟ್ರ್ಯಾಕ್ಟ್ ಬೇಸಿಗೆಗೆ ಮುಗಿಯುವುದಿತ್ತು, ಪಾಪ, ಚಿಂತೆಯಲ್ಲಿದ್ದಾಳೆ ಎಂದುಕೊಂಡು ನಾನೇ ಅವಳ ಮೇಜಿಗೆ ಊಟ ತೆಗೆದುಕೊಂಡು ಹೋಗುತ್ತಿದ್ದೆ. ಸೂಚನೆ ಓದುವುದನ್ನೇ ಕಸುಬು ಮಾಡಿಕೊಂಡವಳು ನಾನು! ಇವತ್ತಿಗೂ ನೆನೆದರೆ ಮೈ ಉರಿಯುತ್ತದೆ.

ಮೇ ತಿಂಗಳಲ್ಲಿ ಬರ್ಮಿಂಗ್‌ಹ್ಯಾಮಿನ ಎಜ್‌ಬಾಸ್ಟನ್ನಿನಲ್ಲಿ ಒಂದು ದಿನದ ಸಭೆ ಇತ್ತು, ಸುತ್ತಲಿನ ಊರುಗಳ ಜ್ವಾಲಾಮುಖಿಯವರೆಲ್ಲ ಸೇರುವಂಥದ್ದು. ಅಕ್ಕನ ಭಾಷಣ ಇತ್ತು, ನಾನು ಕೇಳಲು ಹೊರಟಿದ್ದೆ. ಇಬ್ಬರೂ ಒಂದೇ ರೈಲು. ಪುಳಿಯೋಗರೆ ಕಟ್ಟಿಕೊಂಡು ಹೋಗಿದ್ದೆ. ಏನು ಮಾತಾಡ್ತೀಯ ಎಂದು ಕೇಳಿದರೆ, ಹಳೇದೇ ಎಂದು ಕಿಟಕಿಯ ಕಡೆ ತಿರುಗಿದಳು. ಡರ್ಬಿ ಬಂದಾಗ ಮಾತ್ರ ಸ್ವಲ್ಪ ಹೊತ್ತು ಬಾಯಿ ತೆರೆದಳು. ಐಸ್‌ಲ್ಯಾಂಡಿನ ಬೂದಿ ಬಂದಾಗ ಅವಳು ಇಲ್ಲೇ ಇದ್ದಳಂತೆ. ಆಕಾಶದಲ್ಲಿ ವಿಮಾನದ ಒಂದು ಗೆರೆಯೂ ಇಲ್ಲ, ಬಿಸಿಲು ಬೇರೆ ಜೋರು, ಜನ ಬೂದಿ ಎಲ್ಲಿ ಎಲ್ಲಿ ಎಂದು ಕತ್ತೆತ್ತಿ ನೋಡುತ್ತಿದ್ದರಂತೆ. ಕಣ್ಣಿಗೆ ಕಾಣದಷ್ಟು ಸಣ್ಣ ಬೂದಿ, ಗಾಜಿನ ಪುಡಿಯ ಹಾಗೆ. ವಿಮಾನದ ಎಂಜಿನ್ನಿನೊಳಗೆ ಹೋದರೆ ಶಾಖಕ್ಕೆ ಕರಗಿ, ಮುಂದೆ ತಣ್ಣಗಾಗುವ ಜಾಗದಲ್ಲಿ ಅಂಟಿಕೊಂಡು ಎಂಜಿನ್ ಉಸಿರು ಕಟ್ಟಿಸುತ್ತದೆ. ಡರ್ಬಿಯಲ್ಲಿ ಎಂಜಿನ್ ಕಾರ್ಖಾನೆಯಲ್ಲಿದ್ದ ಅವಳ ಗೆಳತಿಗೆ ಆ ವಾರ ಪುರುಸೊತ್ತೇ ಇರಲಿಲ್ಲವಂತೆ. ಇದನ್ನೆಲ್ಲ ಎಷ್ಟು ಚೆನ್ನಾಗಿ ಹೇಳಿದಳು ಎಂದರೆ ನಾನು ಪುಳಿಯೋಗರೆ ಕೈಯಲ್ಲಿ ಹಿಡಿದು ಹಾಗೇ ಕೂತಿದ್ದೆ. ನನ್ನ ಅಕ್ಕ ಎಂಥ ಜಾಣೆ ಎಂದು ಹೆಮ್ಮೆ ಬೇರೆ.

ಊಟಕ್ಕೆ ಮುಂಚಿನ ಕೊನೆಯ ಭಾಷಣ ಅವಳದು. ನಾನು ಎರಡನೇ ಸಾಲಿನಲ್ಲಿ ಕೂತಿದ್ದೆ. ಮೊದಲ ಚಿತ್ರ ಬಂತು, ನನ್ನ ಗುಡ್ಡ. ಎರಡನೆಯದು ಬಂತು, ನನ್ನ ಗೀರು. ಬಣ್ಣ ಬದಲಾಯಿಸಿದ್ದಳು, ಅಷ್ಟೇ. ಉದಾಹರಣೆಗೆ ಹಾಕಿರಬೇಕು, ನನ್ನ ಹೆಸರು ಕೆಳಗೆ ಇರುತ್ತದೆ ಎಂದು ಕಣ್ಣು ಕಿರಿದು ಮಾಡಿ ನೋಡಿದೆ. ಇರಲಿಲ್ಲ. ಮೂರನೇ ಚಿತ್ರದ ಮೇಲೆ ದಪ್ಪ ಅಕ್ಷರದಲ್ಲಿ ಒಂದು ಪದ, ಟೆಂಪರಿಂಗ್.

ಒಗ್ಗರಣೆಗೆ ನಾವು ಹೇಳುವ ಇಂಗ್ಲಿಷ್ ಅದು. ಇಂಗ್ಲಿಷರು ಹಾಗೆ ಹೇಳುವುದಿಲ್ಲ. ಅವರಿಗೆ ಟೆಂಪರಿಂಗ್ ಎಂದರೆ ಕಬ್ಬಿಣ ಹದ ಮಾಡುವುದು, ಬಹಳ ಎಂದರೆ ಚಾಕಲೇಟ್ ಹದ ಮಾಡುವುದು. ಸಾಸಿವೆ ಸಿಡಿಸುವುದಕ್ಕೆ ಆ ಪದ ಬಳಸುವವರು ನಮ್ಮ ಕಡೆಯ ಅಡುಗೆ ಪುಸ್ತಕದವರು, ಹೋಟೆಲಿನ ಮೆನು ಬರೆಯುವವರು, ಅದನ್ನು ಓದಿ ಬೆಳೆದ ನಮ್ಮಂಥವರು. ನನ್ನ ಫೈಲಿನ ಹೆಸರನ್ನು ಅವಳು ಕೂತು ಇಂಗ್ಲಿಷಿಗೆ ಅನುವಾದ ಮಾಡಿದ್ದಳು. ಕದ್ದ ಪಾತ್ರೆಯ ಮೇಲಿನ ಹೆಸರನ್ನೂ ಅಳಿಸದೆ, ಅದನ್ನು ಇಂಗ್ಲಿಷಿನಲ್ಲಿ ಕೊರೆಸಿಕೊಂಡು ಬಂದಿದ್ದಳು.

ಪ್ರಶ್ನೆಗಳ ಸರದಿಯಲ್ಲಿ ಯಾರೋ ಎದ್ದು, ಪದ ಚೆನ್ನಾಗಿದೆ, ಉಕ್ಕಿನಿಂದ ತೆಗೆದುಕೊಂಡಿರಾ ಎಂದು ಕೇಳಿದರು. ಅಕ್ಕ ನಕ್ಕಳು. ಇಲ್ಲ, ನನ್ನ ಅಜ್ಜಿಯ ಅಡುಗೆಮನೆಯಿಂದ ಎಂದಳು. ಇಡೀ ಸಭಾಂಗಣ ನಕ್ಕಿತು, ಪ್ರೀತಿಯ ನಗು. ಅವಳ ಅಜ್ಜಿ! ಹೈಡ್ ಪಾರ್ಕಿನ ನನ್ನ ಬಾಡಿಗೆ ಮನೆಯ ಹೊಗೆ ಹಿಡಿದ ಒಲೆ ಅವಳ ಅಜ್ಜಿಯದಾಯಿತು. ನನ್ನ ಪ್ರೊಫೆಸರ್ ಮುಂದಿನ ಸಾಲಿನಲ್ಲಿ ಕೂತು ಕೈ ತಟ್ಟುತ್ತಿದ್ದರು. ನಾನೂ ತಟ್ಟಿದೆ. ಯಾಕೆ ತಟ್ಟಿದೆನೋ, ಎಲ್ಲರೂ ತಟ್ಟುವಾಗ ಕೈ ತಾನೇ ಹೋಯಿತು.

ವಾಪಸು ಬರುವ ರೈಲಿನಲ್ಲಿ ಕೇಳಿದೆ. ಕೇಳಿದೆ ಎಂದರೆ ಕಿರುಚಲಿಲ್ಲ, ಸುತ್ತ ಜನ ಇದ್ದರು, ಅಕ್ಕಾ ಅದು ನಂದು ಎಂದೆ, ಅಷ್ಟೇ ಬಂತು. ಅವಳು ಮೊದಲು ವಿಚಾರ ಯಾರಿಗೂ ಬರುವಂಥದ್ದು ಎಂದಳು. ಆಮೇಲೆ, ಯಂತ್ರ ಕೆಟ್ಟಿರಬಹುದು ಎಂದು ನಾನು ಹೇಳದಿದ್ದರೆ ನೀನು ಸಮುದ್ರದ ಸದ್ದು ನೋಡುತ್ತಿದ್ದೆಯಾ ಎಂದಳು. ಆಮೇಲೆ, ಲೇಖನ ಬರೆಯುವಾಗ ನಿನ್ನ ಹೆಸರನ್ನೂ ಹಾಕ್ತೀನಿ, ಮೂರನೆಯದೋ ನಾಲ್ಕನೆಯದೋ ಎಂದಳು. ಒಂದಕ್ಕೊಂದು ತಾಳಮೇಳವಿಲ್ಲದ ಮಾತು. ಚೆಸ್ಟರ್‌ಫೀಲ್ಡ್ ದಾಟಿದ ಮೇಲೆ ಕಣ್ಣು ಮುಚ್ಚಿ ಮಲಗಿದಳು. ನಿದ್ದೆ ಬಂದಿರಲಿಲ್ಲ ಎಂದು ನನಗೆ ಗೊತ್ತು. ಜ್ವರ ಬಂದಾಗ ಪಕ್ಕದಲ್ಲಿ ಕೂತವಳ ಉಸಿರು ನನಗೆ ಗೊತ್ತಿರುವುದಿಲ್ಲವೇ?

ಹದಿನೈದು ದಿನ ಹೊಟ್ಟೆಯೊಳಗೇ ಇಟ್ಟುಕೊಂಡೆ. ಅಮ್ಮನಿಗೆ ಫೋನ್ ಮಾಡಿದಾಗ ಅಕ್ಕ ಹೇಗಿದ್ದಾಳೆ ಎಂದು ಕೇಳಿದರು, ಚೆನ್ನಾಗಿದ್ದಾಳೆ ಎಂದೆ. ಆದರೆ ಜೂನ್ ಬಂತು, ಪರೀಕ್ಷೆಯ ವರದಿ ಕೊಡಲೇಬೇಕು, ನನ್ನ ಹತ್ತಿರ ಇದ್ದದ್ದು ಅದೊಂದೇ ಅಧ್ಯಾಯ. ಬೇರೆ ಏನು ಕೊಡಲಿ? ಕೊಟ್ಟೆ. ಅಧ್ಯಾಯದ ತಲೆಯ ಮೇಲೆ ಒಗ್ಗರಣೆ ಎಂದೇ ಬರೆದು, ಕೆಳಗೆ ಅದು ಕನ್ನಡ ಪದ, ಹೀಗೆ ಹೀಗೆ ಅಡುಗೆಯಲ್ಲಿ ಮಾಡುವುದು ಎಂದು ಟಿಪ್ಪಣಿ ಹಾಕಿದೆ. ಸಿಟ್ಟಿಗೇ ಹಾಕಿದ್ದು.

ಮೂರನೇ ದಿನ ಪ್ರೊಫೆಸರ್ ಇಬ್ಬರನ್ನೂ ಕರೆದರು. ಯಾರ್ಕ್‌ಶೈರಿನ ಹಳ್ಳಿಯಿಂದ ಬಂದ ಮನುಷ್ಯ, ಸುತ್ತಿ ಬಳಸಿ ಮಾತಾಡುವುದು ಗೊತ್ತಿಲ್ಲ. ಮೇಜಿನ ಮೇಲೆ ಒಂದು ಕಡೆ ನನ್ನ ವರದಿ, ಇನ್ನೊಂದು ಕಡೆ ಅಕ್ಕನ ಲೇಖನದ ಕರಡು. ಇಬ್ಬರಿಗೂ ಒಬ್ಬಳೇ ಅಜ್ಜಿ ಇರಲು ಸಾಧ್ಯವಿಲ್ಲ ಎಂದರು. ನಗಲಿಲ್ಲ. ಈ ಕೆಲಸ ಮೊದಲು ಯಾರದು ಎಂದು ನನಗೆ ತಿಳಿಯಬೇಕು, ನೀವಿಬ್ಬರೂ ಹೇಳಿದ್ದನ್ನು ನಾನು ನಂಬುತ್ತೇನೆ, ಈ ಬಾಗಿಲ ಹೊರಗೆ ಮತ್ತೆ ಈ ಮಾತು ಬರುವುದಿಲ್ಲ ಎಂದರು. ಹೇಳಿ ನನ್ನ ಕಡೆಗೇ ತಿರುಗಿದರು. ನನ್ನ ಫೈಲುಗಳ ಮೇಲೆ ದಿನಾಂಕಗಳಿದ್ದವು. ಒಂದು ಮಾತು ಸಾಕಿತ್ತು. ಬಾಯಿ ತೆರೆದೆ ಕೂಡ.

ಆಗ ಅಕ್ಕ ನನ್ನ ಮೊಣಕೈ ಮುಟ್ಟಿ ಕನ್ನಡದಲ್ಲಿ ಮಾತಾಡಿದಳು. ಮುಖದ ಮೇಲೆ ನಗು ಹಾಗೇ ಇತ್ತು, ಪ್ರೊಫೆಸರ್ ಕಣ್ಣಿಗೆ ನನಗೆ ಏನೋ ಸಣ್ಣ ವಿಷಯ ನೆನಪಿಸುತ್ತಿರುವ ಹಾಗೆ.

“ನನ್ನ ಕಾಂಟ್ರ್ಯಾಕ್ಟ್ ಜುಲೈಗೆ ಮುಗಿಯತ್ತೆ ಕಣೇ. ಇದಿಲ್ದೆ ನಂಗೆ ಇಲ್ಲಿ ಇನ್ನೇನೂ ಇಲ್ಲ, ವೀಸಾನೂ ಇರಲ್ಲ. ನಿಂಗಿನ್ನೂ ಟೈಮ್ ಇದೆ. ನಿಮ್ಮಕ್ಕ ಕೇಳ್ತಿದಾಳೆ ಅಂದ್ಕೋ.”

ಧಾರವಾಡದ ಕನ್ನಡ ಅಲ್ಲ. ನನ್ನ ಕನ್ನಡ. ಎರಡು ವರ್ಷ ಆಡಿಕೊಂಡು ನಕ್ಕ ಆ ‘ಕಣೇ’ಯನ್ನು ಅವಳು ಸರಿಯಾದ ಜಾಗದಲ್ಲಿ, ಸರಿಯಾದ ಮೆತ್ತನೆಯಲ್ಲಿ, ಮೈಸೂರಿನಲ್ಲೇ ಹುಟ್ಟಿದವಳ ಹಾಗೆ ಹಾಕಿದಳು. ಸುತ್ತ ಎಲ್ಲ ಇಂಗ್ಲಿಷ್, ಆ ಕೋಣೆಯಲ್ಲಿ ನನ್ನ ಮನೆಯ ಭಾಷೆ ಆಡುವವಳು ಅವಳೊಬ್ಬಳೇ, ಅದನ್ನೇ ಅವಳು ನನ್ನ ಮೇಲೆ ಬಿಟ್ಟಳು. ನನಗೆ ಅದು ಅರ್ಥವಾಗಲಿಲ್ಲವೇ? ಚೆನ್ನಾಗಿ ಅರ್ಥವಾಯಿತು. ಅರ್ಥವಾಗಿಯೂ ಎದೆ ಕರಗಿತು, ಅದಕ್ಕೇ ಈಗಲೂ ನನ್ನ ಮೇಲೆ ನನಗೆ ಸಿಟ್ಟು.

ಪ್ರೊಫೆಸರ್ ನನ್ನನ್ನು ಕೇಳಿದರು, ಅವಳನ್ನಲ್ಲ. ಆಕೆ ಏನು ಹೇಳಿದರು?

ನಮ್ಮ ಮನೆಯ ಮಾತನ್ನು ಹೊರಗಿನವರ ಮುಂದೆ ಹಾಕುವುದು ನನ್ನಿಂದ ಆಗಲಿಲ್ಲ. ಅಪ್ಪ ಅಮ್ಮ ಜಗಳವಾಡಿದಾಗ ಬಾಗಿಲಿಗೆ ಯಾರಾದರೂ ಬಂದರೆ, ಏನಿಲ್ಲ ಬನ್ನಿ ಬನ್ನಿ ಎಂದು ನಗುವುದನ್ನು ಕಲಿತು ಬೆಳೆದ ಬಾಯಿ ಇದು. ಅವಳು ನನಗೆ ಅಕ್ಕ ಅಲ್ಲ ಎಂದು ಎಜ್‌ಬಾಸ್ಟನ್ನಿನಲ್ಲೇ ಗೊತ್ತಾಗಿತ್ತು, ಬಾಯಿಗೆ ಮಾತ್ರ ಗೊತ್ತಾಗಿರಲಿಲ್ಲ.

“ಇದನ್ನು ಮೊದಲು ನನಗೆ ವಿವರಿಸಿದ್ದು ಅವರೇ, ನೆನಪಿಲ್ಲವೇ ಅಂತಿದ್ದಾರೆ” ಎಂದು ಇಂಗ್ಲಿಷಿನಲ್ಲಿ ಹೇಳಿದೆ. “ನಿಜ. ಅವರ ಅಡುಗೆಮನೆಯಲ್ಲೇ ನಾನು ಕಲಿತದ್ದು.”

ಪ್ರೊಫೆಸರ್ ನಂಬಿದರೋ ಇಲ್ಲವೋ ಗೊತ್ತಿಲ್ಲ, ಮಾತು ಕೊಟ್ಟಿದ್ದರು, ಹಾಗಾಗಿ ಮತ್ತೆ ಕೇಳಲಿಲ್ಲ. ನನ್ನ ವರದಿಯಿಂದ ಆ ಅಧ್ಯಾಯವನ್ನು ತೆಗೆದು ನನ್ನ ಕೈಗೆ ಕೊಟ್ಟರು. ಟ್ರಾನ್ಸ್‌ಫರ್ ಪರೀಕ್ಷೆಯಲ್ಲಿ ನಾನು ಆ ಸಲ ಪಾಸಾಗಲಿಲ್ಲ. ಅವರು ಯಾರ ಯಾರ ಕಾಲು ಹಿಡಿದರೋ, ಇನ್ನೊಂದು ಅವಕಾಶ ಸಿಕ್ಕಿತು, ಮತ್ತೆ ಉಬ್ಬುವ ನೆಲಕ್ಕೇ ಹೋಗಿ ಹೇಗೋ ಮುಗಿಸಿದೆ. ನನ್ನ ಪ್ರಬಂಧದಲ್ಲಿ ಒಂದು ವಾಕ್ಯ ಇದೆ, ಕಂಪನ ನಿಂತದ್ದು ಅಪಾಯದ ಸೂಚನೆ ಇರಬಹುದು ಎಂದು. ಅದರ ಮುಂದೆ ಕಂಸದಲ್ಲಿ ಅವಳ ಹೆಸರು, ಲೇಖನದ ವರ್ಷ. ನಾನೇ ಟೈಪ್ ಮಾಡಿದ್ದು. ಅವಳಿಗೆ ಇನ್ನೊಂದು ಊರಿನಲ್ಲಿ ಖಾಯಂ ಕೆಲಸ ಸಿಕ್ಕಿತು. ಟೆಂಪರಿಂಗ್ ಎಂದು ಈಗ ಬೇರೆಯವರೂ ಬರೆಯುತ್ತಾರೆ.

ಅದೆಲ್ಲ ಆಮೇಲಿನದು. ಅವತ್ತು ಪ್ರೊಫೆಸರ್ ಕೋಣೆಯಿಂದ ಹೊರಗೆ ಬಂದಾಗ ಕಾರಿಡಾರಿನಲ್ಲಿ ಯಾರೂ ಇರಲಿಲ್ಲ. ನನ್ನ ಕೈಯಲ್ಲಿ ಆ ಹಾಳೆಗಳಿದ್ದವು. ಅವಳು ಈಗ ಅಳುತ್ತಾಳೆ ಎಂದುಕೊಂಡೆ, ಇಲ್ಲಾ ಧಾರವಾಡದ ಮಾತಿನಲ್ಲಿ ಬೈಯುತ್ತಾಳೆ, ತಬ್ಬಿಕೊಳ್ಳುತ್ತಾಳೆ, ಸುಮ್ಮನೆ ಪಕ್ಕದಲ್ಲಿ ನಡೆದು ಬರುತ್ತಾಳೆ. ಯಾವುದಾದರೂ ಒಂದು ಸಾಕಿತ್ತು. ಇಷ್ಟಾದ ಮೇಲೂ ನಾನು ಕ್ಷಮಿಸಿಬಿಡುತ್ತಿದ್ದೆ, ಆಣೆ ಮಾಡಿ ಹೇಳುತ್ತೇನೆ.

ಅವಳು ಬ್ಯಾಗ್ ಹೆಗಲಿಗೆ ಸರಿ ಮಾಡಿಕೊಂಡು ನನ್ನ ಕಡೆ ನೋಡಿ, “ಥ್ಯಾಂಕ್ಸ್” ಎಂದಳು.

ಗಂಜಿ ಕೊಟ್ಟಾಗ ನಾನು ಅವಳಿಗೆ ಹಾಗೆ ಹೇಳಿರಲಿಲ್ಲ, ಚಿತ್ರಾನ್ನ ಕೊಟ್ಟಾಗ ಅವಳು ನನಗೆ ಹೇಳಿರಲಿಲ್ಲ. ನಮ್ಮಲ್ಲಿ ಮನೆಯವರಿಗೆ ಯಾರು ಹೇಳುತ್ತಾರೆ? ಲೀಡ್ಸ್‌ನಲ್ಲಿ ಬಸ್ಸಿನಿಂದ ಇಳಿಯುವಾಗ ಎಲ್ಲರೂ ಡ್ರೈವರ್‌ಗೆ ಹೇಳುತ್ತಾರೆ, ಅದೇ ದನಿ, ಅಷ್ಟೇ ಹಗುರ. ಹೇಳಿ ಮೆಟ್ಟಿಲು ಇಳಿದು ಹೋದಳು.